ಕಪ್ಪು ಬಟ್ಟೆ ಸುತ್ತಿದ ಜಾಡಿ

ಅವರ ಮುಖಕ್ಕಿಂತ ಕೈಗಳು ನನಗೆ ಸ್ಪಷ್ಟವಾಗಿ ನೆನಪಿವೆ. ಕಪ್ಪು ಬಟ್ಟೆ ಸುತ್ತಿದ ಜಾಡಿಯೊಂದನ್ನು ಎರಡೂ ಅಂಗೈಗಳ ನಡುವೆ ಹಿಡಿದು ಆಸ್ಪತ್ರೆಯ ಕಾರಿಡಾರಿನಲ್ಲಿ ನಡೆದು ಬರುತ್ತಿದ್ದರು. ನಿದ್ದೆ ಹೋದ ಮಗುವನ್ನು ಬಸ್ಸಿನಿಂದ ಇಳಿಸಿಕೊಂಡು ಬರುವವರ ನಡಿಗೆ. ಎದುರು ಬಂದವರು ತಾವಾಗಿಯೇ ಗೋಡೆಗೆ ಒತ್ತಿ ನಿಲ್ಲುತ್ತಿದ್ದರು. ಹೋದ ತಿಂಗಳು ಅವರು ತೀರಿಕೊಂಡ ಸುದ್ದಿ ಬಂದಾಗ ಕಣ್ಣ ಮುಂದೆ ಮೊದಲು ಬಂದದ್ದು ಈ ಚಿತ್ರ. ಆದರೆ ಇದನ್ನೂ ನಾನು ಪೂರ್ತಿ ನಂಬುವುದಿಲ್ಲ. ಅವರು ಆ ಕಾರಿಡಾರಿನಲ್ಲಿ ಬರಿಗೈಯಲ್ಲಿ ನಡೆದದ್ದೇ ಹೆಚ್ಚಿರಬೇಕು. ನೆನಪು ತನಗೆ ಬೇಕಾದ ಒಂದನ್ನು ಇಟ್ಟುಕೊಂಡು ಉಳಿದದ್ದನ್ನು ಎಸೆದಿದೆ, ಅಷ್ಟೆ.

ಮೈಸೂರಿನ ಒಂದು ಕ್ಯಾನ್ಸರ್ ಆಸ್ಪತ್ರೆಯಲ್ಲಿ ನಾವಿಬ್ಬರೂ ಕೆಲಸ ಮಾಡುತ್ತಿದ್ದೆವು. ಹುದ್ದೆಯ ಹೆಸರು ಮೆಡಿಕಲ್ ಫಿಸಿಸಿಸ್ಟ್. ಅದೇನೆಂದು ನಮ್ಮ ಮನೆಯಲ್ಲಿ ಇವತ್ತಿಗೂ ಯಾರಿಗೂ ಸರಿಯಾಗಿ ಗೊತ್ತಿಲ್ಲ. ನಮ್ಮತ್ತೆ ನೆಂಟರಿಗೆ ನನ್ನನ್ನು “ಕರೆಂಟು ಕೊಡೋ ಕಡೆ ಇದಾಳೆ” ಎಂದು ಪರಿಚಯಿಸುತ್ತಾರೆ. ವಿಕಿರಣ ಚಿಕಿತ್ಸೆಗೆ ನಮ್ಮ ಕಡೆ ಜನ ಇಟ್ಟಿರುವ ಹೆಸರೇ ಅದು, ಕರೆಂಟು ಕೊಡೋದು. ಗಡ್ಡೆಗೆ ಎಷ್ಟು ವಿಕಿರಣ ಬೇಕೆಂದು ಡಾಕ್ಟರು ಹೇಳುತ್ತಾರೆ. ಅದು ಅಷ್ಟೇ ಬೀಳುವಂತೆ, ಅಲ್ಲಿಗೇ ಬೀಳುವಂತೆ ನೋಡಿಕೊಳ್ಳುವುದು ನಮ್ಮ ಪಾಲು. ಅವರು ವಿಭಾಗದ ಹಿರಿಯರು. ನಾನು ಆಗಷ್ಟೇ ಕೆಲಸಕ್ಕೆ ಸೇರಿದ್ದೆ. ನಾನು ಅವರನ್ನು ಮೇಡಂ ಎನ್ನುತ್ತಿದ್ದೆ. ಉಳಿದವರೆಲ್ಲ ಬೆನ್ನ ಹಿಂದೆ ಜೆಲ್ಲಿ ಮೇಡಂ ಎನ್ನುತ್ತಿದ್ದರು. ಕ್ಯಾಂಟೀನಿನವನೊಬ್ಬ ಎದುರಿಗೇ ಕೆಣಕುತ್ತಿದ್ದ.

“ಏನ್ ಮೇಡಂ, ಇವತ್ತು ಯಾವ ಫ್ಲೇವರ್ರು?”

“ದ್ರಾಕ್ಷಿ. ಒಂದು ಚಮಚ ತಿನ್ನು, ನಾಳೆಯಿಂದ ನಿನಗೆ ಡ್ಯೂಟಿ ಇರಲ್ಲ.”

ಜೆಲ್ಲಿಯ ಕತೆ ಹೀಗೆ. ಕಂಪ್ಯೂಟರಿನಲ್ಲಿ ಮಾಡಿದ ಯೋಜನೆಯ ಪ್ರಕಾರವೇ ಯಂತ್ರ ವಿಕಿರಣ ಕೊಡುತ್ತಿದೆಯೇ ಎಂದು ರೋಗಿಯನ್ನು ಮಲಗಿಸುವ ಮೊದಲು ಅಳೆದು ನೋಡಬೇಕು. ಎಲ್ಲರೂ ಅಳೆಯುತ್ತಾರೆ. ಚೇಂಬರ್ ಎಂಬ ಚಿಕ್ಕ ಕೊಳವೆಯೊಂದನ್ನು ಇಟ್ಟರೆ ಅದು ಇದ್ದ ಜಾಗದಲ್ಲಿ ಎಷ್ಟು ಬಿತ್ತೆಂದು ಹೇಳುತ್ತದೆ. ಫಿಲ್ಮ್ ಇಟ್ಟರೆ ಒಂದು ಹಾಳೆಯ ಮೇಲೆ ಎಲ್ಲೆಲ್ಲಿ ಎಷ್ಟು ಬಿತ್ತೆಂದು ತಿಳಿಯುತ್ತದೆ. ಮೇಡಂಗೆ ಇದು ಸಾಲದು. ಜೆಲಟಿನ್ ಪುಡಿಯನ್ನು ನೀರಿನಲ್ಲಿ ಸಣ್ಣ ಉರಿಯಲ್ಲಿ ಕರಗಿಸಿ, ಒಂದು ಬಣ್ಣ, ಕೆಲವು ರಾಸಾಯನಿಕ ಬೆರೆಸಿ ಜಾಡಿಗೆ ಹೊಯ್ದು ಫ್ರಿಜ್ಜಿನಲ್ಲಿಡುತ್ತಿದ್ದರು. ಬೆಳಿಗ್ಗೆಗೆ ಅದು ತಿಳಿನೀರಿನಷ್ಟು ನಿರ್ಮಲವಾಗಿ ಗಟ್ಟಿಯಾಗಿರುತ್ತಿತ್ತು. ರೋಗಿ ಮಲಗುವ ಜಾಗದಲ್ಲಿ ಆ ಜಾಡಿಯನ್ನಿಟ್ಟು, ರೋಗಿಗೆ ಕೊಡಬೇಕಾದ ವಿಕಿರಣವನ್ನೇ ಅದಕ್ಕೆ ಕೊಟ್ಟರೆ, ಬಿದ್ದ ಕಡೆಯಲ್ಲೆಲ್ಲ ಒಳಗೇ ನೇರಳೆ ಬಣ್ಣ ಅರಳುತ್ತಿತ್ತು. ಹೆಚ್ಚು ಬಿದ್ದಲ್ಲಿ ಗಾಢ, ಕಡಿಮೆ ಬಿದ್ದಲ್ಲಿ ತೆಳು. ಉದ್ದ, ಅಗಲ, ಆಳ ಎಲ್ಲವೂ ಇರುವ ಬಣ್ಣ.

ಅದನ್ನು ಓದಲು ಅವರೇ ಕಟ್ಟಿಕೊಂಡ ಒಂದು ಸ್ಕ್ಯಾನರ್ ಇತ್ತು. ಮೀನು ಸಾಕುವವರ ಅಂಗಡಿಯಿಂದ ತಂದ ಗಾಜಿನ ತೊಟ್ಟಿ, ಲೇಸರ್ ಒಂದು, ಮಸೂರಗಳು, ಕ್ಯಾಮೆರಾ, ಜಾಡಿಯನ್ನು ನಿಧಾನವಾಗಿ ತಿರುಗಿಸುವ ಮೋಟಾರು. ಪ್ರತಿ ಕೋನದಿಂದಲೂ ಬೆಳಕನ್ನು ಜಾಡಿಯ ಮೂಲಕ ಹಾಯಿಸಿ, ಎಲ್ಲೆಲ್ಲಿ ಎಷ್ಟು ಬೆಳಕು ನುಂಗಿಹೋಯಿತೆಂದು ನೋಡಿ, ಒಳಗಿನ ಬಣ್ಣದ ಆಕಾರವನ್ನು ಕಂಪ್ಯೂಟರು ಪದರ ಪದರವಾಗಿ ಕಟ್ಟಿಕೊಡುತ್ತಿತ್ತು. “ಸಿಟಿ ಸ್ಕ್ಯಾನಲ್ಲಿ ಎಕ್ಸ್‌ರೇ ಮಾಡೋ ಕೆಲಸಾನ ನಾನು ಬೆಳಕಿನ ಕೈಲಿ ಮಾಡಿಸ್ತೀನಿ ಕಣಮ್ಮ, ಅಷ್ಟೇ” ಎನ್ನುತ್ತಿದ್ದರು. ತೊಟ್ಟಿ ಮಾರಿದವನು “ಯಾವ ಮೀನಿಗೆ ಮೇಡಂ?” ಎಂದು ಕೇಳಿದ್ದನಂತೆ. “ಕಾಣದೇ ಇರೋ ಮೀನಿಗೆ” ಎಂದು ಇವರು ಹೇಳಿದ್ದರಂತೆ. ಅದು ನಿಜವೂ ಹೌದು. ತೊಟ್ಟಿಯಲ್ಲಿ ಗ್ಲಿಸರಿನ್ನು ನೀರನ್ನು ಒಂದು ಹದದಲ್ಲಿ ಬೆರೆಸಿ ತುಂಬುತ್ತಿದ್ದರು. ಹದ ಸರಿಯಿದ್ದರೆ ಬೆಳಕು ಎಲ್ಲಿಯೂ ಬಾಗದೆ ಸಾಗಿ, ಮುಳುಗಿಸಿದ ಜಾಡಿಯ ಅಂಚುಗಳು ಮಾಯವಾಗುತ್ತಿದ್ದವು. ನೇರಳೆ ಬಣ್ಣವೊಂದೇ ಆಧಾರವಿಲ್ಲದೆ ತೇಲುತ್ತಿತ್ತು. ಮೊದಲ ಸಲ ನೋಡಿದಾಗ ನಾನು ಕೈ ಮುಂದೆ ಚಾಚಿದ್ದೆ. ಮಣಿಕಟ್ಟಿಗೆ ಒಂದು ಏಟು ಬಿದ್ದಿತ್ತು.

ಅವರು ಒಳ್ಳೆಯ ಮೇಷ್ಟ್ರಾಗಿರಲಿಲ್ಲ. ಬೇಗ ಸಿಟ್ಟಾಗುತ್ತಿದ್ದರು, ಕ್ಷಮೆ ಕೇಳುತ್ತಿರಲಿಲ್ಲ, ಹೇಳಿದ ಕತೆಯನ್ನೇ ಮತ್ತೆ ಹೇಳುತ್ತಿದ್ದರು. ಮೈಸೂರಿನಲ್ಲಿ ಹಳೆಯ ಕಾಲದಿಂದ ನೆಲೆ ನಿಂತ ಕ್ರೈಸ್ತ ಮನೆತನ ಅವರದು. ಅವರ ತಾಯಿ ಕ್ರಿಸ್‌ಮಸ್ಸಿಗೆ ಪುಡಿಂಗನ್ನು ಒಂದು ಬಿರುಕೂ ಬಾರದಂತೆ ತಟ್ಟೆಗೆ ಮಗುಚುತ್ತಿದ್ದ ಕತೆಯನ್ನು ಪ್ರತಿ ಸಲ ಜೆಲ್ ಹೊಯ್ಯುವಾಗಲೂ ಹೇಳುತ್ತಿದ್ದರು. ಹೊಯ್ಯುವ ಹೊತ್ತಿನಲ್ಲಿ ಪಕ್ಕದಲ್ಲಿ ಯಾರೂ ಕೆಮ್ಮುವಂತಿರಲಿಲ್ಲ. ಆದರೂ ನಾನು ಅವರ ಬಳಿಯೇ ಸುತ್ತುತ್ತಿದ್ದೆ. ಯಾಕೆಂದು ಈಗ ಕೇಳಿಕೊಂಡರೆ ಒಳ್ಳೊಳ್ಳೆಯ ಕಾರಣಗಳು ಸಿಗುತ್ತವೆ. ಆಗ ಇದ್ದ ಕಾರಣ ಬಹುಶಃ ಅವರ ಕೋಣೆಯ ಏಸಿ.

ಜಾಡಿಗೆ ಕಪ್ಪು ಬಟ್ಟೆ ಸುತ್ತುತ್ತಿದ್ದುದಕ್ಕೆ ಕಾರಣವಿತ್ತು. ಆ ಬಣ್ಣಕ್ಕೆ ವಿಕಿರಣ ಯಾವುದು, ಬಿಸಿಲು ಯಾವುದು ಎಂಬ ಭೇದ ಚೆನ್ನಾಗಿ ಗೊತ್ತಾಗುತ್ತಿರಲಿಲ್ಲ. ಬಿಸಿಲಿಗಿಟ್ಟರೂ ಅದು ನೇರಳೆಯಾಗುತ್ತಿತ್ತು. ಹಾಗಾಗಿ ಅಡುಗೆಯಿಂದ ಸ್ಕ್ಯಾನಿನವರೆಗೆ ಜಾಡಿ ಬಟ್ಟೆಯೊಳಗೇ ಇರುತ್ತಿತ್ತು. ದೊಡ್ಡ ಡಾಕ್ಟರೇ ನೋಡಬೇಕೆಂದರೂ “ತೊಟ್ಟೀಲಿ ನೋಡಿ” ಎನ್ನುತ್ತಿದ್ದರು. ದಾರಿಯಲ್ಲಿ ಬಟ್ಟೆ ತೆಗೆದದ್ದನ್ನು ನಾನು ನೋಡಿದ್ದು ಒಂದೇ ಸಲ.

ರತ್ನಮ್ಮ ಎಂದು ಕರೆಯುತ್ತೇನೆ; ಅದು ಆಕೆಯ ಹೆಸರಲ್ಲ. ಚಾಮುಂಡಿ ಬೆಟ್ಟದ ಮೇಲೆ ಗಂಡನ ಜೊತೆ ಹೂವು, ತೆಂಗಿನಕಾಯಿ ಮಾರುತ್ತಿದ್ದ ಹೆಂಗಸು. ಬೆನ್ನುಮೂಳೆಗೆ ಅಂಟಿದಂತೆ ಒಂದು ಗಡ್ಡೆ ಎದ್ದಿತ್ತು. ಕೆಲವು ವರ್ಷಗಳ ಹಿಂದೆ ಅದೇ ಜಾಗಕ್ಕೆ ಕರೆಂಟು ಕೊಟ್ಟು ಕರಗಿಸಿದ್ದರು. ಈಗ ಮತ್ತೆ ಬಂದಿತ್ತು. ಪಕ್ಕದ ಬೆನ್ನುಹುರಿ ಆಗಲೇ ತಾನು ತಾಳಿಕೊಳ್ಳಬಹುದಾದಷ್ಟು ವಿಕಿರಣ ತಾಳಿಕೊಂಡಿತ್ತು. ಇನ್ನೂ ಒಂದಿಷ್ಟು ಬಿದ್ದರೆ ಕಾಲುಗಳು ಹೋಗುತ್ತವೆ. ಚಿಕಿತ್ಸೆ ಕೊಡದೆ ಬಿಟ್ಟರೆ ಗಡ್ಡೆ ಹುರಿಯನ್ನು ಒತ್ತಿ ಆಗಲೂ ಕಾಲುಗಳು ಹೋಗುತ್ತವೆ. ಆಪರೇಷನ್ ಆಗದೆಂದು ಎರಡು ಕಡೆ ಹೇಳಿ ಕಳಿಸಿದ್ದರು. ಉಳಿದ ದಾರಿ ಒಂದೇ: ಗಡ್ಡೆಗೆ ಪೂರ್ತಿ, ಕೂದಲೆಳೆಯ ಆಚೆಗಿರುವ ಹುರಿಗೆ ಹೆಚ್ಚುಕಡಿಮೆ ಏನೂ ಇಲ್ಲ. ಅಂಥ ಯೋಜನೆಯನ್ನು ಮೇಡಂ ಊಟ ತಿಂಡಿ ಮರೆತು ಮಾಡಿದರು. ಚೇಂಬರಿನಲ್ಲಿ ಅಳೆದರು, ಸರಿ ಇತ್ತು. ಫಿಲ್ಮಿನಲ್ಲಿ ಅಳೆದರು, ಸರಿ ಇತ್ತು. ಜಾಡಿಗೂ ಕೊಟ್ಟರು.

ಊಟದ ಹೊತ್ತು ಮುಗಿದ ಮೇಲೆ ಯಂತ್ರದ ಕೋಣೆಯಿಂದ ಜಾಡಿ ಹಿಡಿದು ಹೊರಟರು. ಚೇಂಬರಿನ ಪೆಟ್ಟಿಗೆ ಹೊತ್ತು ನಾನು ಹಿಂದೆ. ಪಡುವಣ ಕಿಟಕಿಗಳ ಪಕ್ಕದ ಬೆಂಚಿನ ಮೇಲೆ ರತ್ನಮ್ಮ, ಗಂಡ ಕೂತಿದ್ದರು. ಗಂಡನ ಹೆಗಲು ಹಿಡಿದು ಇನ್ನೂ ನಡೆಯುತ್ತಿದ್ದಳು ಆಗ.

“ಏನವ್ವ ಅದು, ಮಗೀನಂಗೆ ಸುತ್ಕೊಂಡಿದ್ದೀರಿ?”

“ಇದು ನೀವೇ ಕಣ್ರೀ” ಎಂದರು ಮೇಡಂ.

“ನಾನಾ?”

“ನಿಮಗೆ ಕೊಡೋ ಕರೆಂಟನ್ನ ಮೊದಲು ಇದಕ್ಕೆ ಕೊಟ್ಟು ನೋಡಿದೀವಿ.”

“ಎಲ್ಲಿ, ತೋರ್ಸಿ ಮತ್ತೆ. ನನ್ನ ನಾನೇ ನೋಡ್ಬಾರ್ದಾ?”

ಮೇಡಂ ಒಂದು ಕ್ಷಣ ನಿಂತರು. ಆಮೇಲೆ ಬಟ್ಟೆ ಬಿಚ್ಚಿದರು. ಜಾಡಿಯ ಒಂದು ಬದಿಯನ್ನು ಕಿಟಕಿಯ ಕಡೆಗೆ ತಿರುಗಿಸಿ, ಒಳಗಿನದು ಚೆನ್ನಾಗಿ ಕಾಣುವಂತೆ ಎತ್ತಿ ಹಿಡಿದರು.

“ಈ ಬಣ್ಣ ಇದೆಯಲ್ಲ, ಇದೆಲ್ಲ ಗಡ್ಡೆಗೆ. ಈ ಪಕ್ಕ ತಿಳಿಯಾಗಿದೆ ನೋಡಿ, ಇದು ನಿಮ್ಮ ಬೆನ್ನುಹುರಿ. ಇಲ್ಲಿಗೆ ಬೀಳಬಾರದು.”

“ಅಯ್ ಸಿವ್ನೆ! ಊದಾ ಸೇವಂತ್ಗೆ ನೀರಲ್ ಮುಳುಗ್ದಂಗದೆ.”

ಗಂಡ ಕತ್ತು ಚಾಚಿ ನೋಡಿದ. “ನಿನ್ಗಿಂತ ಇದೇ ವಾಸಿ ಕಣೆ, ಬಾಯೇ ಇಲ್ಲ.”

“ಅಂಗಾದ್ರೆ ಇದ್ನೇ ಮನೆಗ್ ಕರ್ಕೊಂಡೋಗು. ನಾಳೆಯಿಂದ ಇದೇ ಊವ ಕಟ್ಲಿ.”

ನಾವೆಲ್ಲ ನಕ್ಕೆವು. ಮೇಡಂ ಕೂಡ. ಎಷ್ಟು ಹೊತ್ತು ಹಾಗೆ ನಿಂತಿದ್ದೆವೆಂದು ನಾನು ಹೇಳಲಾರೆ. ನಗುವಿದ್ದ ಹೊತ್ತು ನೆನಪಿನಲ್ಲಿ ಹಿಗ್ಗುತ್ತದೆ. ಆ ದಿನ ನಾನು ದಿನಚರಿಯಲ್ಲಿ ಬರೆದದ್ದು ಪುಳಿಯೋಗರೆಗೆ ಉಪ್ಪು ಜಾಸ್ತಿಯಾಗಿತ್ತು ಎಂದು ಮಾತ್ರ.

ಸಂಜೆ ಸ್ಕ್ಯಾನಿನಲ್ಲಿ, ಹುರಿ ಇರಬೇಕಾದ ಬದಿಯಲ್ಲಿ, ಜಾಡಿಯ ಗೋಡೆಯಿಂದ ಒಳಕ್ಕೆ ಒಂದು ತೆಳು ನೇರಳೆ ನಾಲಗೆ ಚಾಚಿಕೊಂಡಿತ್ತು.

ಈಗ ಇದನ್ನು ಓದುವವರಿಗೆ ಕಾರಣ ಆಗಲೇ ಹೊಳೆದಿರುತ್ತದೆ. ನಮಗೆ ಹೊಳೆಯಲಿಲ್ಲ. ಇದನ್ನು ಬರೆಯುತ್ತಿರುವಾಗ ನನಗೆ ಅತ್ಯಂತ ವಿಚಿತ್ರವೆನಿಸುವುದು ಇದೇ. ಬೆಂಚಿನ ಬಳಿ ನಿಂತದ್ದು ನಮ್ಮ ಲೆಕ್ಕದಲ್ಲಿ ಕೆಲಸದ ಭಾಗವೇ ಆಗಿರಲಿಲ್ಲ. ಅದು ಎರಡು ಕೆಲಸಗಳ ನಡುವಿನ ಮಾತು. ತಪ್ಪು ಹುಡುಕುವವರು ಕೆಲಸದಲ್ಲಿ ಹುಡುಕುತ್ತಾರೆ. ಮೇಡಂ ತೊಟ್ಟಿಯ ಹದ ನೋಡಿದರು, ಮಸೂರ ಒರೆಸಿದರು, ಜಾಡಿಯನ್ನು ತೆಗೆದು ಮತ್ತೆ ಇಟ್ಟು ಸ್ಕ್ಯಾನ್ ಮಾಡಿದರು. ಪ್ರತಿ ಸಲವೂ ಅದೇ ನಾಲಗೆ, ಅದೇ ಜಾಗದಲ್ಲಿ. ಸ್ಕ್ಯಾನರ್ ಸುಳ್ಳು ಹೇಳುತ್ತಿರಲಿಲ್ಲ. ಬಣ್ಣ ಅಲ್ಲಿ ನಿಜವಾಗಿಯೂ ಇತ್ತು. ಅವರು ಸಿಕ್ಕಿಬಿದ್ದದ್ದೇ ಅಲ್ಲಿ.

ಡಾಕ್ಟರ ಜೊತೆ ನಡೆದ ಮಾತಿಗೆ ನಾನು ಬಾಗಿಲ ಬಳಿ ನಿಂತಿದ್ದೆ.

“ಚೇಂಬರ್ ಸರಿ ಇದೆ, ಫಿಲ್ಮ್ ಸರಿ ಇದೆ. ನಿಮ್ಮ ಜೆಲ್ಲಿ ಒಂದೇ ಬೇರೆ ರಾಗ ಹಾಡ್ತಿದೆಯಲ್ಲ ಮೇಡಂ.”

“ಚೇಂಬರ್ ಒಂದು ಚುಕ್ಕೀನ ನೋಡತ್ತೆ, ಫಿಲ್ಮು ಒಂದು ಹಾಳೇನ. ಆಕೆ ಹಾಳೆ ಅಲ್ಲ ಡಾಕ್ಟ್ರೇ.”

“ಕಾಲಲ್ಲಿ ಶಕ್ತಿ ದಿನಾ ಇಳೀತಿದೆ. ಕಾಯಕ್ಕೆ ನಮಗೆ ಟೈಮಿಲ್ಲ.”

“ಹುರಿ ಮೇಲೆ ಬಿದ್ರೆ ಕಾಲು ಖಂಡಿತ ಹೋಗತ್ತೆ.”

“ಕಾದ್ರೂ ಹೋಗತ್ತೆ.”

“ಇನ್ನೊಂದು ಜಾಡಿ. ಒಂದೇ ಒಂದು ಕೊಡಿ ನನಗೆ.”

ಅವರು ಹಾಗೆ ಬೇಡಿದ್ದನ್ನು ನಾನು ಹಿಂದೆ ಕೇಳಿರಲಿಲ್ಲ. ಡಾಕ್ಟರು ಒಪ್ಪಿದರು. ಒಪ್ಪದಿದ್ದರೆ, ಹುರಿ ಸುಟ್ಟರೆ, ಹೊಣೆ ಅವರದಾಗುತ್ತಿತ್ತು. ಅವರ ಜಾಗದಲ್ಲಿ ನಾನಿದ್ದಿದ್ದರೂ ಒಪ್ಪುತ್ತಿದ್ದೆ. ಅಥವಾ ಹಾಗೆಂದು ಈಗ ಹೇಳಿಕೊಳ್ಳುತ್ತಿದ್ದೇನೆ. ಬೆಂಗಳೂರಿಗೆ ಕಳಿಸುವ ಮಾತೂ ಬಂತು. ಅಲ್ಲಿ ಸರದಿ ಇನ್ನೂ ಉದ್ದವಿತ್ತು.

ಒಂದು ಜಾಡಿ ಎಂದರೆ ಒಂದು ದಿನವಲ್ಲ. ಅದು ತಣ್ಣಗಾಗಬೇಕು, ಗಟ್ಟಿಯಾಗಬೇಕು, ಉಳಿದ ರೋಗಿಗಳ ನಡುವೆ ಯಂತ್ರ ಬಿಡುವಾಗಬೇಕು. ಎರಡನೆಯ ಜಾಡಿ ಕರೆಂಟು ಹೋಗಿ ಫ್ರಿಜ್ಜು ನಿಂತು ಮೋಡದಂತೆ ಕಲಕಿಹೋಯಿತು. ಅದನ್ನು ಸಿಂಕಿಗೆ ಸುರಿದು ಮೇಡಂ ಆ ನಲ್ಲಿಯನ್ನು ಹಿಡಿದುಕೊಂಡೇ ನಿಂತಿದ್ದರು. ನಾನು “ಕಾಫಿ ತರ್ಲಾ ಮೇಡಂ?” ಎಂದೆ. “ಆಕೆ ಬಂದಿದಾಳಾ ನೋಡ್ಕೊಂಡು ಬಾ. ನಡ್ಕೊಂಡು ಬಂದಳಾ ಅಂತ ನೋಡು” ಎಂದರು.

ಪ್ರತಿದಿನ ಅದೇ ಕೆಲಸ ನನಗೆ. ರತ್ನಮ್ಮ ಹೇಗೆ ಬಂದಳೆಂದು ನೋಡಿ ಬರುವುದು. ಮೊದಲು ಗಂಡನ ಹೆಗಲು ಹಿಡಿದು ಬರುತ್ತಿದ್ದಳು. ಆಮೇಲೆ ಎರಡೂ ಕಡೆ ಇಬ್ಬರು ಹಿಡಿದುಕೊಂಡು. ಒಂದು ಬೆಳಿಗ್ಗೆ ಚಪ್ಪಲಿ ಕಾಲಿಂದ ಜಾರಿ ಹಿಂದೆಯೇ ಉಳಿದದ್ದು ಆಕೆಗೆ ಗೊತ್ತೇ ಆಗಲಿಲ್ಲ. ನಾನು ಅದನ್ನು ಎತ್ತಿಕೊಂಡು ಹೋಗಿ ಕೊಟ್ಟೆ. “ಅಯ್ಯೋ, ನಂದಾ?” ಎಂದಳು. ನಾನು ವಾಪಸು ಬಂದು ಮೇಡಂಗೆ ಚಪ್ಪಲಿಯ ವಿಷಯ ಹೇಳಲಿಲ್ಲ. “ನಡ್ಕೊಂಡು ಬಂದ್ರು” ಎಂದೆ. ಅದು ಸುಳ್ಳೇನೂ ಆಗಿರಲಿಲ್ಲ. ಮೇಡಂ ನನ್ನ ಮುಖವನ್ನೇ ನೋಡಿ “ಸರಿ” ಎಂದು ಸೌಟು ಕೈಗೆತ್ತಿಕೊಂಡರು.

ಮೂರನೆಯ ಜಾಡಿ ಚೆನ್ನಾಗಿ ಬಂತು. ಬಟ್ಟೆ ಸುತ್ತಿಕೊಂಡು ಹೋದರು, ಬಟ್ಟೆ ಸುತ್ತಿಕೊಂಡು ಬಂದರು, ದಾರಿಯಲ್ಲಿ ಯಾರ ಕಡೆಗೂ ನೋಡಲಿಲ್ಲ. ತೊಟ್ಟಿಯಲ್ಲಿ ಜಾಡಿ ಮಾಯವಾಯಿತು. ಪರದೆಯ ಮೇಲೆ ಪದರಗಳು ಒಂದೊಂದಾಗಿ ಮೂಡಿದವು. ಗಡ್ಡೆಯ ಆಕಾರ ಗಾಢ ನೇರಳೆ. ಅದರ ಅಂಚಿನಲ್ಲಿ ಗೋಡೆ ಕಟ್ಟಿದಂತೆ ಬಣ್ಣ ನಿಂತಿತ್ತು. ಆಚೆ ಹುರಿಯ ಜಾಗ ಶುದ್ಧ ತಿಳಿ. ನಾಲಗೆ ಇರಲಿಲ್ಲ.

ನಾನು ಖುಷಿಯಿಂದ ಏನೋ ಕೂಗಿದೆ. ಮೇಡಂ ಕೂತಲ್ಲಿಂದ ಏಳಲಿಲ್ಲ. “ಹಾಗಾದರೆ ಮೊದಲನೇದು ಏನು?” ಎಂದರು.

ರತ್ನಮ್ಮನ ಚಿಕಿತ್ಸೆ ಮರುದಿನವೇ ಶುರುವಾಯಿತು. ಆಕೆಯನ್ನು ಗಾಲಿಕುರ್ಚಿಯಲ್ಲಿ ತಂದರು. ಚಿಕಿತ್ಸೆ ಹೇಗೆ ಆಗಬೇಕೋ ಹಾಗೆಯೇ ಆಯಿತು. ಗಡ್ಡೆ ಕರಗಿತು, ಮತ್ತೆ ಬರಲಿಲ್ಲ. ಕಾಲುಗಳೂ ಬರಲಿಲ್ಲ. ಸೊಂಟದ ಕೆಳಗೆ ಆಕೆಗೆ ಈಗಲೂ ಏನೂ ತಿಳಿಯುವುದಿಲ್ಲ.

“ಮೊದಲೇ ಶುರು ಮಾಡಿದ್ರೂ ಕಾಲು ಹೋಗ್ತಿತ್ತೇನೋ” ಎಂದು ಡಾಕ್ಟರು ಸಮಾಧಾನ ಹೇಳಿದರು.

“ನಿಮಗೆ ಗೊತ್ತಾ ಡಾಕ್ಟ್ರೇ?”

“ಇಲ್ಲ ಮೇಡಂ. ಯಾರಿಗೂ ಗೊತ್ತಾಗಲ್ಲ.”

ಮೊದಲ ಜಾಡಿಗೆ ಏನಾಗಿತ್ತೆಂದು ತಿಳಿದದ್ದು ಆಮೇಲೆ. ಕಾರಿಡಾರಿನಲ್ಲಿ ಯಾರೋ ಒಬ್ಬ ಮುದುಕ ಮುಖಕ್ಕೆ ಬಿಸಿಲು ಬೀಳುತ್ತದೆಂದು ಆ ಬೆಂಚಿನಿಂದ ಎದ್ದು ಬೇರೆ ಕಡೆ ಕೂತ. ಮೇಡಂ ಅದನ್ನು ನೋಡಿ ನಡೆಯುವುದನ್ನೇ ನಿಲ್ಲಿಸಿದರು. ಆ ವಾರವೇ ಒಂದು ಜಾಡಿ ಮಾಡಿದರು. ಅದಕ್ಕೆ ವಿಕಿರಣ ಕೊಡಲಿಲ್ಲ. ಅದೇ ಹೊತ್ತಿಗೆ ಅದೇ ಕಿಟಕಿಯ ಬಳಿ ಬಟ್ಟೆ ಬಿಚ್ಚಿ, ಅದೇ ರೀತಿ ಎತ್ತಿ ಹಿಡಿದು ನಿಂತರು. ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು “ಅವತ್ತು ಎಷ್ಟು ಹೊತ್ತು ಮಾತಾಡಿದೆವೋ ಅಷ್ಟೇ ಹೊತ್ತು ಮಾತಾಡು” ಎಂದರು. ಸ್ಕ್ಯಾನ್ ಮಾಡಿದರೆ ನಾಲಗೆ ಅಲ್ಲಿತ್ತು. ಕಿಟಕಿಗೆ ತಿರುಗಿಸಿದ್ದ ಬದಿಯಲ್ಲೇ, ಗೋಡೆಯಿಂದ ಒಳಕ್ಕೆ.

“ಬಾಯಿ ಮುಚ್ಕೊಂಡು ಇದ್ದುಬಿಡಿ ಮೇಡಂ, ಯಾರಿಗೂ ಹೇಳ್ಬೇಡಿ” ಎಂದೆ. ಹಾಗೆಂದೆನೋ, ಅನ್ನಬೇಕೆಂದುಕೊಂಡೆನೋ. ವಿಭಾಗದಲ್ಲಿ ಮರುದಿನವೇ ಎಲ್ಲರನ್ನೂ ಕೂರಿಸಿ ಅವರು ಹೇಳಿದರು. ಆಮೇಲೆ ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿ ಬಂದು, ತಮ್ಮನ್ನು ಹಿನಕಲ್‌ಗೆ ಬಿಡಲು ನನಗೆ ಹೇಳಿದರು. ರತ್ನಮ್ಮ ಆಗ ಅಲ್ಲಿ ತಂಗಿಯ ಮನೆಯಲ್ಲಿದ್ದಳು. ಅದಕ್ಕೆ ಮುಂಚೆಯೂ ಭಾನುವಾರಗಳಲ್ಲಿ ಮೇಡಂ ಹಣ್ಣು ತೆಗೆದುಕೊಂಡು ಹೋಗಿ ಬರುತ್ತಿದ್ದರು. ಇಬ್ಬರಿಗೂ ಒಂದು ಬಗೆಯ ಸ್ನೇಹವಾಗಿತ್ತು. ರತ್ನಮ್ಮ ಮಂಚದ ಮೇಲೆ ಕೂತು ಹೂವು ಕಟ್ಟುತ್ತಿದ್ದಳು. ಮೇಡಂ ಪಕ್ಕದಲ್ಲಿ ಕೂತು ಒಂದೂ ಸರಿಯಾಗಿ ಕಟ್ಟಲಾರದೆ ಬೈಸಿಕೊಳ್ಳುತ್ತಿದ್ದರು. “ಇಷ್ಟ್ ಓದಿದ್ದೀರಿ, ಒಂದ್ ಗಂಟ್ ಬರಲ್ವಲ್ಲ ನಿಮ್ಗೆ.”

ಆ ಭಾನುವಾರ ನಾನು ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದೆ. ಎಲ್ಲವೂ ಕೇಳಿಸುತ್ತಿತ್ತು. ಮೇಡಂ ಸುತ್ತಿ ಬಳಸಿ ಹೇಳಲಿಲ್ಲ. ಯಂತ್ರ ಮೊದಲಿನಿಂದಲೂ ಸರಿಯಾಗಿತ್ತು, ಕಾಯಿಸಿದ್ದು ತಾನೇ, ಕಾಯಬೇಕಾಗಿರಲಿಲ್ಲ, ಜಾಡಿಗೆ ಬಿಸಿಲು ಬಿದ್ದಿತ್ತು ಎಂದರು.

“ಎಲ್ ಬಿತ್ತು ಬಿಸ್ಲು?”

“ಕಾರಿಡಾರಲ್ಲಿ. ಬಟ್ಟೆ ಬಿಚ್ಚಿ ತೋರಿಸಿದೆನಲ್ಲ ನಿಮಗೆ.”



“ನಾನ್ ಕೇಳ್ದೆ ಅಂತ ತೋರ್ಸುದ್ರಿ.”

“ತೋರಿಸಿದ್ದು ನಾನು. ನೀವಲ್ಲ.”

“ಕೇಳ್ದೋಳು ನಾನೇ ಅಲ್ವಾ.”

“ರತ್ನಮ್ಮ, ನಾನು ಹೇಳ್ತಿರೋದು ಅದಲ್ಲ...”

“ಯಾಕ್ ಹೇಳುದ್ರಿ ಇದ್ನ? ಬೆಟ್ಟದ್ ತಾಯಿ ಇಟ್ಟಂಗಾಯ್ತು ಅಂತ ಅಂದ್ಕೊಂಡು ಬಿದ್ದಿದ್ದೆ. ನನ್ನ ನಾನು ನೋಡ್ಬೇಕು ಅಂದೆ, ಅದ್ಕೆ ನನ್ ಕಾಲ್ ಓಯ್ತು. ಇನ್ಮೇಲೆ ದಿನಾ ಇದ್ನೇ ನೆನುಸ್ಕೊಂಡು ಎಂಗ್ ಬದುಕ್ಲಿ? ನಿಮ್ಗೆ ಹಗುರಾಯ್ತಾ? ಓಗಿ. ಎದ್ದೋಗಿ ಅತ್ಲಾಗೆ.”

ಮೇಡಂ ಹೊರಗೆ ಬಂದು ನನ್ನ ಸ್ಕೂಟರಿನ ಹಿಂದೆ ಕೂತರು. ಮನೆ ತಲುಪಿದ ಮೇಲೆ ಇಳಿದು ಗೇಟಿನ ಬಳಿ ನಿಂತು “ಸರಿಯಾಗೇ ಹೇಳಿದಳು” ಎಂದರು.

ಹೇಳಬೇಕಾಗಿತ್ತೇ, ಬೇಡವಾಗಿತ್ತೇ ಎಂಬುದನ್ನು ನಾನು ಎಷ್ಟೋ ಸಲ ಎರಡೂ ಕಡೆಯಿಂದ ಯೋಚಿಸಿದ್ದೇನೆ. ಒಂದು ಸಲ ಹೇಳಿದ್ದೇ ಸರಿ ಎನಿಸುತ್ತದೆ. ಇನ್ನೊಂದು ಸಲ, ತಮ್ಮ ಅಳತೆ ತಪ್ಪಿದ್ದಕ್ಕೆ ಲೆಕ್ಕ ಒಪ್ಪಿಸಲು ಹೋಗಿ ಮತ್ತೊಬ್ಬರ ತಲೆಯ ಮೇಲೆ ಅದನ್ನಿಟ್ಟು ಬಂದರೇ ಎನಿಸುತ್ತದೆ. ಅವರಿಗೆ ಗೊತ್ತಿದ್ದದ್ದು ಒಂದೇ ರೀತಿ: ಕಂಡದ್ದನ್ನು ಕಂಡ ಹಾಗೆ ಹೇಳುವುದು. ಮನುಷ್ಯರ ಮುಂದೆಯೂ ಅವರು ಅದನ್ನೇ ಮಾಡಿದರು.

ಆಮೇಲೆ ಅವರು ಹಿನಕಲ್ ಕಡೆ ಹೋಗಲಿಲ್ಲ. “ಹೋಗೋಣ್ವಾ ಮೇಡಂ?” ಎಂದು ನಾನು ಕೇಳಿದಾಗ “ಎದ್ದೋಗು ಅಂದಿದಾಳೆ ಕಣಮ್ಮ” ಎಂದರು. ಆಮೇಲೆ ನಾನು ಕೇಳುವುದನ್ನೂ ಬಿಟ್ಟೆ.

ನಿವೃತ್ತಿಗೆ ಮುಂಚಿನ ಆ ಕೊನೆಯ ಕಾಲದಲ್ಲಿ ಹೊರಗಿನಿಂದ ನೋಡುವವರಿಗೆ ಏನೂ ಬದಲಾಗಿರಲಿಲ್ಲ. ಜೆಲ್ ಕರಗುತ್ತಿತ್ತು, ಪುಡಿಂಗಿನ ಕತೆ ನಡೆಯುತ್ತಿತ್ತು, ಕಪ್ಪು ಬಟ್ಟೆಯ ಜಾಡಿ ಕಾರಿಡಾರಿನಲ್ಲಿ ಓಡಾಡುತ್ತಿತ್ತು. ಕಷ್ಟದ ರೋಗಿಗಳು ಬಂದಾಗ ಡಾಕ್ಟರು “ಮೇಡಂ, ಜೆಲ್ಲಿ ಏನನ್ನತ್ತೆ?” ಎಂದು ಕೇಳುತ್ತಿದ್ದರು. “ಚೇಂಬರ್ ಸರಿ ಇದೆಯಲ್ಲ, ಶುರು ಮಾಡಿ” ಎನ್ನುತ್ತಿದ್ದರು ಮೇಡಂ. ಒಂದು ಮಧ್ಯಾಹ್ನ ನಾನು ಅವರ ಕೋಣೆಗೆ ಹೋದಾಗ ಜಾಡಿ ತೊಟ್ಟಿಯೊಳಗೆ ಮುಳುಗಿತ್ತು. ನೇರಳೆ ಬಣ್ಣವೊಂದೇ ತೇಲುತ್ತಿತ್ತು. ಅವರು ಎದುರಿಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಲೇಸರ್ ಹಚ್ಚಿರಲಿಲ್ಲ. ಕ್ಯಾಮೆರಾದ ಮುಚ್ಚಳ ತೆಗೆದಿರಲಿಲ್ಲ.

“ಸ್ಕ್ಯಾನ್ ಮಾಡಲ್ವಾ ಮೇಡಂ?”

“ನೋಡಿದರೆ ಹೇಳಬೇಕಾಗತ್ತೆ.”

ಸ್ವಲ್ಪ ಹೊತ್ತಾದ ಮೇಲೆ, ನಾನು ಹೋದೆನೆಂದುಕೊಂಡೋ ಏನೋ, ಮತ್ತೆ ಹೇಳಿದರು: “ಹೇಳಿದರೆ ಕಾಯಬೇಕಾಗತ್ತೆ.” ಜಾಡಿಯನ್ನು ಎತ್ತಿ, ಒರೆಸಿ, ಸಿಂಕಿನ ಕಡೆಗೆ ನಡೆದರು.

ಎಷ್ಟು ಜಾಡಿಗಳು ಹೀಗೆ ಓದದೆ ಸಿಂಕಿಗೆ ಹೋದವೋ ನನಗೆ ಗೊತ್ತಿಲ್ಲ. ಅವುಗಳಲ್ಲಿ ಒಂದಾದರೂ ಹೇಳಲೇಬೇಕಾದದ್ದನ್ನು ಹಿಡಿದಿಟ್ಟಿತ್ತೇ ಎಂಬುದೂ ಗೊತ್ತಿಲ್ಲ. ಅವರು ನಿವೃತ್ತರಾಗಿ ಹೋದ ಮೇಲೆ ತೊಟ್ಟಿಯನ್ನು ಬರಿದು ಮಾಡಿ ಕಪಾಟಿನ ಮೇಲಿಟ್ಟರು. ಅದನ್ನು ಇಳಿಸಲು ನನಗೂ ಧೈರ್ಯ ಬಂದಿಲ್ಲ.

ಅವರ ಮಣ್ಣಿಗೆ ಹೆಚ್ಚು ಜನ ಬಂದಿರಲಿಲ್ಲ. ಚರ್ಚಿನವರು, ಒಬ್ಬ ತಮ್ಮ, ಆಸ್ಪತ್ರೆಯ ನಾವು ಕೆಲವರು. ಪಾದ್ರಿಯವರ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಸಮಾಧಿಯ ಅಂಗಳದ ಗೇಟಿನಲ್ಲಿ ಆಟೋ ನಿಂತಿತು. ಗಂಡ ಗಾಲಿಕುರ್ಚಿ ಇಳಿಸಿ, ಆಮೇಲೆ ರತ್ನಮ್ಮನನ್ನು ಎತ್ತಿ ಕೂರಿಸಿದ. ಆಕೆ ದಪ್ಪಗಾಗಿದ್ದಳು, ಕೂದಲು ಬೆಳ್ಳಗಾಗಿತ್ತು. ಮಡಿಲಲ್ಲಿ ಒಂದು ಹೂವಿನ ಹಾರ. ನನ್ನ ಗುರುತು ಹಿಡಿದಳು.

“ಕಾಯ್ಲೆ ಏನಾದ್ರೂ ಇತ್ತಾ?”

“ಹೃದಯದ್ದು.”

“ಒಂದ್ ಮಾತ್ ಹೇಳ್ಬಾರ್ದಾಗಿತ್ತಾ ನಂಗೆ? ಬರೋದೇ ಬುಟ್‌ಬುಟ್ರಲ್ಲ ಅವ್ರು.”

“ನೀವು ಎದ್ದೋಗಿ ಅಂದಿದ್ರಲ್ಲ ಅವತ್ತು.”

“ಅಂದೆ. ಅನ್ನದೆ ಇನ್ನೇನ್ ಮಾಡ್ಲಿ, ಕಾಲ್ ಓಗಿದ್ದು ನಂದು.” ಸೆರಗಿನಿಂದ ಮುಖ ಒರೆಸಿಕೊಂಡಳು. “ಮುಂದಿನ್ ವಾರ ಬತ್ತಾರೆ, ಇನ್ನೊಂದಷ್ಟು ಬಯ್ಯನ ಅಂತ ಕೂತಿದ್ದೆ. ಅಂಥ ಸಂಕ್ಟ ಒಂದಿನ ಬಯ್ದ್ರೆ ಮುಗೀತದಾ? ಬತ್ತಾ ಇದ್ದಿದ್ರೆ ಬಯ್ತಾ ಬಯ್ತಾ ಎಂಗೋ ಕರಗೋದು. ಅವ್ರೂ ಒಂದೆರಡ್ ಮಾತ್ ಅನ್ನೋರು. ಎಷ್ಟ್ ಭಾನ್ವಾರ ಬಾಗ್ಲು ನೋಡ್ದೆ ಗೊತ್ತಾ? ಒಂದ್ಸಲ ಎದ್ದೋಗು ಅಂದ್ರೆ ಯಾರಾದ್ರೂ ಎದ್ದೇ ಓಗ್ತಾರಾ?”

ಜನ ಒಬ್ಬೊಬ್ಬರಾಗಿ ಹೋಗಿ ಪೆಟ್ಟಿಗೆಯ ಮೇಲೆ ಹಿಡಿ ಮಣ್ಣು ಹಾಕಿ ಬರುತ್ತಿದ್ದರು. ಹೊಸದಾಗಿ ಅಗೆದ ಸಡಿಲ ಮಣ್ಣಿನಲ್ಲಿ ಕುರ್ಚಿಯ ಗಾಲಿಗಳು ಹೂತುಕೊಂಡವು. ಗಂಡನೂ ನಾನೂ ನೂಕಿ ನೋಡಿದೆವು, ಮುಂದೆ ಹೋಗಲಿಲ್ಲ. “ಬುಡಿ, ಬುಡಿ” ಎಂದು ರತ್ನಮ್ಮ ಬಾಗಿ, ಕುರ್ಚಿಯ ಪಕ್ಕದಿಂದಲೇ ಒಂದು ಹಿಡಿ ಮಣ್ಣು ತೆಗೆದು ಹಾರದ ಜೊತೆ ನನ್ನ ಕೈಗಿಟ್ಟಳು.

“ನೀವೇ ಹಾಕ್ಬುಡಿ ಕಣವ್ವ. ನಂದು ಅಂತ ಹೇಳಿ ಹಾಕಿ.”

ನಾನು ಅಂಚಿಗೆ ಹೋದೆ. ಹಾರ ಹಾಕಿದೆ. ಸುತ್ತ ಜನವಿದ್ದರೂ ಬಾಯಿಬಿಟ್ಟೇ ಹೇಳಿದೆ, ರತ್ನಮ್ಮನದು ಎಂದು. ಮಣ್ಣು ಹಾಕಿ, ಕೈ ಕೊಡವಿಕೊಂಡು ಬಂದೆ.

“ಹೇಳುದ್ರಾ?”

“ಹೇಳಿದೆ.”

ಆಕೆ ನನ್ನ ಮುಖವನ್ನೇ ನೋಡುತ್ತಿದ್ದಳು.

“ಅದ್ಕೆ ಅವ್ರೇನಂದ್ರು?”